ಯುಗಾದಿ ಚಂದ್ರ, ರಂಜಾನ್ ಚಂದ್ರ

2025ರ ಮಾರ್ಚ್ 30, ಭಾನುವಾರ ಯುಗಾದಿ. ಮರುದಿನ ಸೋಮವಾರ ರಂಜಾನ್ ಹಬ್ಬ. ಆ ಭಾನುವಾರ ಸಂಜೆ ಬೇವು ಬೆಲ್ಲ ತಿಂದವರು ಬಿದಿಗೆ ಚಂದ್ರನ ದರ್ಶನಕ್ಕೆಂದು ಮಹಡಿ ಹತ್ತಿದರೆ, ಒಂದು ತಿಂಗಳು ಉಪವಾಸ ಮಾಡಿದವರು ಹಬ್ಬ ನಾಳೆಯೋ ನಾಡಿದ್ದೋ ತಿಳಿಯಲು ಹತ್ತಿದರು. ಇಬ್ಬರೂ ಹುಡುಕಿದ್ದು ಅದೇ ಎಳೆ ಚಂದ್ರನನ್ನು. ಸೋಮವಾರ ನಮ್ಮ ಕಡೆ ಯುಗಾದಿ ಮಾರನೆಯ ಬಾಡೂಟದ ಹೊಸತೊಡಕು ಕೂಡ. ಮಟನ್ ಅಂಗಡಿಗಳ ಮುಂದೆ ಹೊಸತೊಡಕಿನವರೂ ಹಬ್ಬದವರೂ ಒಂದೇ ಸಾಲಿನಲ್ಲಿ ನಿಂತು, ತೊಡೆ ಮಾಂಸ ಮುಗಿಯಿತೆಂದು ಒಟ್ಟಿಗೇ ಗೊಣಗಿದರು.

ಕನ್ನಡ ಕೂಟದ ಮಕ್ಕಳೇ, ನಿಮ್ಮ ತರಗತಿಯಲ್ಲಿ ಆಯೇಷಾನೋ ಇಮ್ರಾನೋ ಇದ್ದೇ ಇರುತ್ತಾರೆ. ಅವರ ಹಬ್ಬ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಏಕೆ ಬರುತ್ತದೆ ಎಂದು ನೀವು ಕೇಳಿರಬಹುದು. ಚಂದ್ರನ ಹನ್ನೆರಡು ತಿಂಗಳು ಕೂಡಿಸಿದರೆ ಸುಮಾರು 354 ದಿನ. ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ನಮ್ಮ ಪಂಚಾಂಗದವರದೂ ಇದೇ ಚಂದ್ರನ ಲೆಕ್ಕ. ಆದರೆ ಅವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತಾರೆ. ಅದಕ್ಕೇ ದೀಪಾವಳಿ ಅಕ್ಟೋಬರ್, ನವೆಂಬರ್ ಬಿಟ್ಟು ಆಚೆ ಹೋಗುವುದಿಲ್ಲ. ಮುಸ್ಲಿಮರ ಹಿಜರಿ ವರ್ಷದಲ್ಲಿ ಅಧಿಕ ಮಾಸವಿಲ್ಲ. ಹಾಗಾಗಿ ರಂಜಾನ್ ತಿಂಗಳು ಹಿಂದಕ್ಕೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಕ್ಕೆ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಶುರುವಾಗುತ್ತದೆ.

ಉಪವಾಸ ನಸುಕಿನಿಂದ ಸೂರ್ಯ ಮುಳುಗುವವರೆಗೆ; ನೀರೂ ಕುಡಿಯುವಂತಿಲ್ಲ. ಬೆಂಗಳೂರಿನಲ್ಲಿ ಯಾವ ಕಾಲದಲ್ಲಾದರೂ ಹದಿಮೂರು, ಹದಿನಾಲ್ಕು ಗಂಟೆ. ಲಂಡನ್ನಿನಲ್ಲಿ ರಂಜಾನ್ ಜೂನ್‌ನಲ್ಲಿ ಬಂದರೆ ಹದಿನೆಂಟು ಗಂಟೆ ದಾಟುತ್ತದೆ. ಚಿಕ್ಕ ಮಕ್ಕಳು, ಕಾಯಿಲೆಯವರು, ಪ್ರಯಾಣದಲ್ಲಿರುವವರು ಮಾಡಲೇಬೇಕೆಂದಿಲ್ಲ. ಆದರೂ ಮಕ್ಕಳು ಹಟ ಹಿಡಿದು ಮಾಡುತ್ತಾರೆ. ಮಗುವಿನ ಮೊದಲ ಉಪವಾಸಕ್ಕೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ರೋಜಾ ಕುಷಾಯಿ ಎಂಬ ಸಡಗರ ನಡೆಯುತ್ತದೆ. ಹೊಸ ಬಟ್ಟೆ, ಹೂವಿನ ಹಾರ, ಸಂಜೆ ನೆಂಟರಿಗೆಲ್ಲ ಊಟ. ಕುರಾನ್ ಅವತರಿಸಿದ್ದು ಈ ತಿಂಗಳಲ್ಲಿ ಎಂಬುದು ಮುಸ್ಲಿಮರ ನಂಬಿಕೆ. ರಾತ್ರಿಯ ವಿಶೇಷ ನಮಾಜಿನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವ ರೂಢಿಯಿದೆ.

ನನ್ನ ಮನೆ ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ, ಬನ್ನೇರುಘಟ್ಟ ರಸ್ತೆಯ ಬದಿಗೆ. ಅದೇ ರಸ್ತೆಯಲ್ಲಿ ಡೈರಿ ವೃತ್ತದ ಕಡೆಗೆ ಹೋದರೆ ಗುರಪ್ಪನಪಾಳ್ಯ. ಅಲ್ಲಿ ಹಬ್ಬದ ನಮಾಜು ನಡೆಯುವ ಬಿಲಾಲ್ ಈದ್ಗಾ. ಹಬ್ಬದ ಬೆಳಿಗ್ಗೆ ಪೊಲೀಸರು ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ನಮಾಜು ಮಾಡುವವರು ಮೈದಾನ ತುಂಬಿ ರಸ್ತೆಗೂ ಬಂದಿರುತ್ತಾರೆ. ನೆಲಕ್ಕೆ ಚಾಪೆ, ಜಾನಮಾಜು ಎಂಬ ನಮಾಜಿನ ಹಾಸು, ಏನೂ ತರದವರಿಗೆ ಹಳೆಯ ಪೇಪರು. ಈ ನಮಾಜಿಗೆ ಆಜಾನ್ ಕೂಗುವುದಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುಗಿದ ಮೇಲೆ ಗುರುತಿನವರೂ ಗುರುತಿಲ್ಲದವರೂ ಅಪ್ಪಿಕೊಳ್ಳುತ್ತಾರೆ. ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಮರಳುವುದು ಪ್ರವಾದಿಯವರ ಕಾಲದಿಂದ ಬಂದ ಪದ್ಧತಿ.

ಈ ನಮಾಜಿಗೆ ಮುಂಚೆಯೇ ತೀರಿಸಬೇಕಾದ ಒಂದು ಬಾಕಿ ಇದೆ: ಫಿತ್ರಾ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರ ಹೆಸರಿನಲ್ಲಿ, ಮೊನ್ನೆ ಹುಟ್ಟಿದ ಕೂಸಿನದೂ ಸೇರಿ, ಇಂತಿಷ್ಟು ಧಾನ್ಯ ಅಥವಾ ಅದರ ಬೆಲೆಯನ್ನು ಬಡವರಿಗೆ ಕೊಡಬೇಕು. ಹಬ್ಬದ ದಿನ ಯಾರೂ ಹಸಿದಿರಬಾರದು ಎಂಬ ಲೆಕ್ಕ. ಅನುಕೂಲವಿದ್ದವರು ವರ್ಷಕ್ಕೊಮ್ಮೆ ಉಳಿತಾಯದ ನಲವತ್ತನೇ ಒಂದು ಭಾಗ ತೆಗೆದಿಡುವ ಜಕಾತ್ ಬೇರೆ. ಹೊಸ ಬಟ್ಟೆ, ಅತ್ತರಿಗಿಂತ ನನಗೆ ಈ ಹಬ್ಬದಲ್ಲಿ ದೊಡ್ಡದಾಗಿ ಕಾಣುವುದು ಇದೇ. ನಿಮಗೆ ದೊಡ್ಡದಾಗಿ ಕಾಣುವುದು ಈದಿ ಇರಬಹುದು: ಹಿರಿಯರು ಮಕ್ಕಳ ಕೈಗಿಡುವ ದುಡ್ಡು.

ಆಮೇಲೆ ಶೀರ್ ಖುರ್ಮಾ. ಕೂದಲೆಳೆಯಂಥ ಶಾವಿಗೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಕುದಿದು ಗಟ್ಟಿಯಾದ ಹಾಲಿಗೆ ಹಾಕಿ, ಖರ್ಜೂರ, ಬಾದಾಮಿ, ಪಿಸ್ತಾ, ಚಿರೋಂಜಿ ಸೇರಿಸುತ್ತಾರೆ. ಉತ್ತರ ಕರ್ನಾಟಕದವರ ಬಾಯಲ್ಲಿ ಇದು ಸುರಕುಂಬಾ. ನಮ್ಮ ಶಾವಿಗೆ ಪಾಯಸ ಇದರ ಮುಂದೆ ಸಪ್ಪೆ; ಅಮ್ಮಂದಿರು ಬೇಸರಿಸಬಾರದು.

ಬಕ್ರೀದ್ ಬರುವುದು ರಂಜಾನ್ ಹಬ್ಬವಾಗಿ ಸುಮಾರು ಎರಡು ತಿಂಗಳು ಹತ್ತು ದಿನಕ್ಕೆ, ಮೆಕ್ಕಾದಲ್ಲಿ ಹಜ್ ನಡೆಯುವಾಗ. ದೇವರ ಮಾತಿಗೆ ಮಗನನ್ನೇ ಬಲಿ ಕೊಡಲು ಹೊರಟ ಇಬ್ರಾಹಿಮರ ಕಥೆ ನಿಮ್ಮ ಯಹೂದಿ, ಕ್ರೈಸ್ತ ಗೆಳೆಯರಿಗೂ ಗೊತ್ತು. ಅವರಲ್ಲಿ ಆ ಮಗ ಐಸಾಕ್, ಬಹುಪಾಲು ಮುಸ್ಲಿಮರಲ್ಲಿ ಇಸ್ಮಾಯಿಲ್. ಮಗ ಉಳಿದ, ಬದಲಿಗೆ ಟಗರು ಬಲಿಯಾಯಿತು. ಕುರ್ಬಾನಿಯ ಮಾಂಸವನ್ನು ಮನೆಗೆ, ನೆಂಟರಿಷ್ಟರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವುದು ವಾಡಿಕೆ.

ಶಾಲೆಯಲ್ಲಿ "ಮುಸ್ಲಿಮರ ಹಬ್ಬಗಳು ರಂಜಾನ್, ಬಕ್ರೀದ್, ಮೊಹರಂ" ಎಂದು ಒಂದೇ ಉಸಿರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಮೊಹರಂ ಆ ಸಾಲಿಗೆ ಸೇರುವುದಿಲ್ಲ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಯಜೀದನ ಆಳ್ವಿಕೆಗೆ ತಲೆಬಾಗದೆ ಸಂಗಡಿಗರೊಂದಿಗೆ ಪ್ರಾಣ ಬಿಟ್ಟ ನೆನಪು ಅದು. ಹತ್ತಿರದಲ್ಲೇ ಯೂಫ್ರಟೀಸ್ ನದಿ ಹರಿಯುತ್ತಿದ್ದರೂ ಅವರಿಗೆ ನೀರು ಸಿಗದಂತೆ ತಡೆದಿದ್ದರು. ಆ ಬಾಯಾರಿಕೆಯ ನೆನಪಿಗೇ ಇಂದಿಗೂ ದಾರಿಹೋಕರಿಗೆ ಶರಬತ್ತು ಹಂಚುವುದು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾ ಪಂಗಡದವರು ಕಪ್ಪು ಬಟ್ಟೆ ಉಟ್ಟು, ಎದೆ ಬಡಿದುಕೊಂಡು ಶೋಕಿಸುತ್ತಾರೆ. ಗೆಳೆಯನಿಗೆ ಅಂದು "ಹ್ಯಾಪಿ ಮೊಹರಂ" ಎಂದು ಮೆಸೇಜು ಕಳಿಸಬೇಡಿ.

ಆದರೆ ರಾಯಚೂರು, ಕೊಪ್ಪಳ, ಗದಗದ ಕಡೆ ಹೋದರೆ ಇದೇ ಶೋಕ ಅಲಾಯಿ ಹಬ್ಬವಾಗಿ, ಊರಿಗೆ ಊರೇ ಸೇರುವ ಹಬ್ಬವಾಗಿ ನಿಂತಿದೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ನಡೆಯುತ್ತದೆ. ಅಂಗೈ ಆಕಾರದ ಲೋಹದ ಪಂಜಾಗಳಿಗೆ ಬಣ್ಣದ ಬಟ್ಟೆ ಸುತ್ತಿ ಕೂರಿಸುತ್ತಾರೆ. ಅವೇ ಅಲಾಯಿ ದೇವರು. ಎದುರಿಗೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಹಲಗೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುತ್ತ ಗಂಡಸರು ಕುಣಿಯ ಸುತ್ತ ಕುಣಿಯುತ್ತಾರೆ. ಹರಕೆ ಹೊತ್ತವರು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸುತ್ತಾರೆ, ಚೋಂಗೆ ಎಂಬ ಸಿಹಿ ಮಾಡಿ ಹಂಚುತ್ತಾರೆ. ಹತ್ತನೇ ದಿನ ದೇವರು ಹೊಳೆಗೆ ಹೋಗುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಇವುಗಳಲ್ಲೆಲ್ಲ ಹೆಸರಾದದ್ದು. ಜಾತಿ ಧರ್ಮ ಎನ್ನದೆ ಸಾವಿರಾರು ಜನ ಬರುತ್ತಾರೆ.

ಕುಣಿತದ ಜೊತೆ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆ ಪೂರ್ತಿ ಕನ್ನಡದಲ್ಲೇ ಇದೆ. ನೀವು ಕೂಟದ ಕಾರ್ಯಕ್ರಮಗಳಲ್ಲಿ ಹಾಡುವ ಶಿಶುನಾಳ ಶರೀಫರೂ (1819–1889) ಅಂಥ ಪದ ಕಟ್ಟಿದ್ದಾರೆ. ನಿಮ್ಮ ಕೂಟದಲ್ಲಿ ಆ ಸೀಮೆಯ ದೊಡ್ಡಪ್ಪಂದಿರು ಯಾರಾದರೂ ಇದ್ದರೆ ಹಿಡಿದು ಕೂರಿಸಿ ಕೇಳಿ. ಮೊದಲು "ಅಯ್ಯೋ, ಮರ್ತೀನಿ" ಅನ್ನುತ್ತಾರೆ. ಬಿಡಬೇಡಿ. ಹಲಗೆ ಸಿಗದಿದ್ದರೆ ಸ್ಟೀಲು ತಟ್ಟೆಯಾದರೂ ಆದೀತು.