ಸ್ನೆಲ್ಮನ್: ಎರಡು ನುಡಿಗಳ ನಾಡಿನ ಪತ್ರಿಕಾಕರ್ತ

ಫಿನ್ಲೆಂಡಿನ ರಾಷ್ಟ್ರೀಯ ಜಾಗೃತಿಯ ಚರಿತ್ರೆಯಲ್ಲಿ ಯೋಹಾನ್ ವಿಲ್ಹೆಲ್ಮ್ ಸ್ನೆಲ್ಮನ್‌ನದು ಅಗ್ರಪಂಕ್ತಿಯ ಹೆಸರು. ತತ್ತ್ವಜ್ಞಾನಿ, ಅಧ್ಯಾಪಕ, ಆಡಳಿತಗಾರ ಎಂಬ ವಿಶೇಷಣಗಳು ಅವನಿಗೆ ಸಲ್ಲುತ್ತವೆಯಾದರೂ ಅವನ ಪ್ರಭಾವದ ಮೂಲವಿರುವುದು ಅವನು ನಡೆಸಿದ ಪತ್ರಿಕೆಗಳಲ್ಲಿ. ಫಿನ್ನಿಷ್ ನುಡಿಯ ಹಕ್ಕಿಗಾಗಿ ಹೋರಾಡಿದ ಈತ ಆ ಹೋರಾಟವನ್ನು ಬಹುಮಟ್ಟಿಗೆ ನಡೆಸಿದ್ದು ಸ್ವೀಡಿಷ್ ಭಾಷೆಯಲ್ಲಿ.

1806ರ ಮೇ 12ರಂದು ಸ್ಟಾಕ್‌ಹೋಮಿನಲ್ಲಿ ಹಡಗಿನ ಕಪ್ತಾನನೊಬ್ಬನ ಮಗನಾಗಿ ಅವನು ಜನಿಸಿದ. 1809ರಲ್ಲಿ ಸ್ವೀಡನ್ ಫಿನ್ಲೆಂಡನ್ನು ರಷ್ಯಕ್ಕೆ ಬಿಟ್ಟುಕೊಟ್ಟಿತು. ಕೆಲವು ವರ್ಷಗಳ ಬಳಿಕ ಕುಟುಂಬವು ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಕೊಕ್ಕೊಲಕ್ಕೆ ಬಂದು ನೆಲೆಸಿತು. 1822ರಲ್ಲಿ ಅವನು ಟುರ್ಕುವಿನ ವಿದ್ಯಾಪೀಠವನ್ನು ಸೇರಿದ. 'ಕಾಲೆವಾಲ'ವನ್ನು ಮುಂದೆ ಸಂಕಲಿಸಿದ ಲೊನ್ರೂಟ್ ಸಹ ಅದೇ ವರ್ಷ ಅಲ್ಲಿಗೆ ಬಂದವನು. ಹೆಗೆಲನ ದರ್ಶನವನ್ನು ಅಭ್ಯಸಿಸಿ ಹೆಲ್ಸಿಂಕಿಯಲ್ಲಿ ಉಪನ್ಯಾಸಕನಾದ ಸ್ನೆಲ್ಮನ್‌ಗೆ ವಿಶ್ವವಿದ್ಯಾನಿಲಯದ ಅಧಿಕಾರಿಗಳೊಡನೆ ವಿರಸ ಬೆಳೆಯಿತು. 1839ರಿಂದ ಸ್ವೀಡನ್, ಜರ್ಮನಿಗಳಲ್ಲಿದ್ದು 1842ರಲ್ಲಿ ಮರಳಿದಾಗ ಅವನಿಗೆ ದೊರೆತುದು ಪ್ರಾಧ್ಯಾಪಕ ಪೀಠವಲ್ಲ, ಒಳನಾಡಿನ ಕುವೊಪಿಯೊ ಪಟ್ಟಣದ ಶಾಲೆಯ ಮುಖ್ಯಸ್ಥನ ಹುದ್ದೆ.

ಪತ್ರಿಕಾಕರ್ತನಾಗಿ ಅವನು ಅರಳಿದ್ದು ಈ ದೂರದ ಊರಿನಲ್ಲಿಯೇ. ರಾಜ್ಯದ ಒಡೆತನ ರಷ್ಯಕ್ಕೆ ಹೋಗಿದ್ದರೂ ಕಚೇರಿ, ನ್ಯಾಯಾಲಯ, ಉನ್ನತ ಶಿಕ್ಷಣಗಳ ಭಾಷೆ ಸ್ವೀಡಿಷ್ ಆಗಿಯೇ ಉಳಿದಿತ್ತು. ಜನಸಂಖ್ಯೆಯ ಬಹುಭಾಗ ಆಡುತ್ತಿದ್ದ ಫಿನ್ನಿಷ್ ಚರ್ಚಿನ ಪ್ರವಚನಕ್ಕೂ ಹೊಲಮನೆಗಳ ಮಾತಿಗೂ ಸೀಮಿತವಾಗಿತ್ತು. 1844ರಲ್ಲಿ ಸ್ನೆಲ್ಮನ್ ಎರಡು ಪತ್ರಿಕೆಗಳನ್ನು ಆರಂಭಿಸಿದ. ಸ್ವೀಡಿಷ್ ಭಾಷೆಯ 'ಸೈಮಾ' ವಿದ್ಯಾವಂತರಿಗೆ. 'ರೈತನ ಮಿತ್ರ' ಎಂಬರ್ಥದ ಹೆಸರುಳ್ಳ ಫಿನ್ನಿಷ್ ಪತ್ರಿಕೆ ಹಳ್ಳಿಯ ಓದುಗರಿಗೆ. ವಿದ್ಯಾವಂತ ವರ್ಗ ಜನರ ಭಾಷೆಯನ್ನು ತನ್ನದಾಗಿಸಿಕೊಳ್ಳದಿದ್ದರೆ ಈ ನಾಡು ರಾಷ್ಟ್ರವಾಗಲಾರದು, ಶಾಲೆಯೂ ಆಡಳಿತವೂ ಫಿನ್ನಿಷ್‌ಗೆ ತೆರೆದುಕೊಳ್ಳಬೇಕು ಎಂಬುದು 'ಸೈಮಾ'ದ ವಾದ. ಆ ವಾದವನ್ನು ಒಪ್ಪಿಸಬೇಕಾಗಿದ್ದವರು ಓದುತ್ತಿದ್ದುದು ಸ್ವೀಡಿಷ್ ಆದ್ದರಿಂದ ಅದು ಆ ಭಾಷೆಯಲ್ಲಿಯೇ ಬರಬೇಕಾಯಿತು. ಫಿನ್ನಿಷ್‌ನಲ್ಲಿ ಪ್ರೌಢವಾಗಿ ಬರೆಯುವ ಪರಿಣತಿ ಸ್ವತಃ ಸಂಪಾದಕನಿಗೂ ಇರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಹೀಗೆ ರಾಷ್ಟ್ರದ ಚಿಂತನೆ ಒಂದು ಭಾಷೆಯ ಪತ್ರಿಕೆಗೂ ಸರಳ ತಿಳಿವಳಿಕೆ ಇನ್ನೊಂದಕ್ಕೂ ಹಂಚಿಹೋಯಿತು. ತಾನು ಅಳಿಸಬಯಸಿದ ಭೇದವನ್ನೇ ಅವನು ತನ್ನ ಮೇಜಿನ ಮೇಲೆ ಪಾಲಿಸಬೇಕಾಯಿತು.

1846ರ ಕೊನೆಯಲ್ಲಿ ಸರ್ಕಾರ 'ಸೈಮಾ'ವನ್ನು ನಿಲ್ಲಿಸಿತು. 1850ರ ಕಟ್ಟಳೆಯಂತೂ ಇನ್ನೂ ಕಠೋರ: ಧರ್ಮಬೋಧೆ ಮತ್ತು ಆರ್ಥಿಕ ಉಪಯೋಗದ ಬರಹಗಳ ಹೊರತು ಫಿನ್ನಿಷ್‌ನಲ್ಲಿ ಬೇರೇನನ್ನೂ ಅಚ್ಚುಮಾಡುವಂತಿಲ್ಲ. ಯುರೋಪಿನ 1848ರ ಕ್ರಾಂತಿಗಳ ಸುದ್ದಿ ಸಾಮಾನ್ಯ ಜನರನ್ನು ತಲುಪೀತೆಂಬ ಭಯ ಇದರ ಹಿಂದಿತ್ತು. ಸ್ವೀಡಿಷ್ ಓದುಗನಿಗೆ ಲಭ್ಯವಿದ್ದ ಕಾದಂಬರಿಯೂ ರಾಜಕೀಯ ವಾರ್ತೆಯೂ ಫಿನ್ನಿಷ್ ಓದುಗನಿಗೆ ನಿಷಿದ್ಧವಾದವು. ನಿಕೊಲಾಸ್ ಚಕ್ರವರ್ತಿಯ ಕಾಲಾನಂತರ, 1856ರಲ್ಲಿ, ಸ್ನೆಲ್ಮನ್‌ಗೆ ಪ್ರಾಧ್ಯಾಪಕ ಪದವಿ ಲಭಿಸಿತು.

1863ರಲ್ಲಿ ಸೆನೆಟ್ ಸದಸ್ಯನಾಗಿ ಹಣಕಾಸಿನ ಹೊಣೆ ಹೊತ್ತ ವರ್ಷವೇ, ಎರಡನೆಯ ಅಲೆಕ್ಸಾಂಡರ್ ಫಿನ್ಲೆಂಡಿಗೆ ಬಂದಾಗ ಭಾಷಾ ರಾಜಾಜ್ಞೆಗೆ ಅಂಕಿತ ದೊರೆಯುವಂತೆ ಮಾಡಿದ. 20 ವರ್ಷಗಳಲ್ಲಿ ಆಡಳಿತ, ನ್ಯಾಯಾಲಯಗಳಲ್ಲಿ ಫಿನ್ನಿಷ್‌ಗೆ ಸಮಾನ ಸ್ಥಾನವೆಂದು ಅದು ವಿಧಿಸಿತು. 1865ರಲ್ಲಿ ದೇಶದ ನಾಣ್ಯ ಮಾರ್ಕ್ಕ ಬೆಳ್ಳಿಯ ಆಧಾರ ಪಡೆಯಿತು. ಆದರೆ 1866-68ರ ಕ್ಷಾಮದಲ್ಲಿ ಜನಸಂಖ್ಯೆಯ ಸುಮಾರು ಶೇಕಡಾ 8ರಷ್ಟು ಮಂದಿ ಅಸುನೀಗಿದರು. ಸಾಲ ತರಲು ಹಿಂಜರಿದ ಅವನ ನೀತಿಯನ್ನು ಚರಿತ್ರಕಾರರು ಇಂದಿಗೂ ಒಮ್ಮತದಿಂದ ಕ್ಷಮಿಸಿಲ್ಲ. 1868ರಲ್ಲಿ ಅಧಿಕಾರ ಕಳೆದುಕೊಂಡ ಅವನು 1881ರ ಜುಲೈ 4ರಂದು ನಿಧನನಾದ.

1906ರಲ್ಲಿ, ಅವನ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಸಹಸ್ರಾರು ಕುಟುಂಬಗಳು ತಮ್ಮ ಸ್ವೀಡಿಷ್ ಮನೆತನದ ಹೆಸರುಗಳನ್ನು ಬಿಟ್ಟು ಫಿನ್ನಿಷ್ ಹೆಸರುಗಳನ್ನು ಧರಿಸಿದವು. 1919ರ ಸಂವಿಧಾನ ಎರಡನ್ನೂ ರಾಷ್ಟ್ರಭಾಷೆಗಳೆಂದು ಸಾರಿತು. ಸ್ನೆಲ್ಮನ್ ಬರೆದ ಬಹುಪಾಲು ಲೇಖನಗಳು ಮಾತ್ರ ಸ್ವೀಡಿಷ್‌ನಲ್ಲಿಯೇ ಉಳಿದಿದ್ದವು. ಅವನ ಸಮಗ್ರ ಕೃತಿಗಳು ಫಿನ್ನಿಷ್‌ಗೆ ಅನುವಾದಗೊಂಡು ಪ್ರಕಟವಾದದ್ದು 21ನೆಯ ಶತಮಾನದ ಮೊದಲ ವರ್ಷಗಳಲ್ಲಿ.