ಅರವತ್ತು ಎಸೆತ, ಆರು ರನ್

ಕಳೆದ ಬೇಸಿಗೆಯಲ್ಲಿ ನಮ್ಮ ಅಪ್ಪ ಕುಷ್ಟಗಿಯಿಂದ ಪರದೇಶದ ನಮ್ಮ ಮನೆಗೆ ಬಂದಿದ್ದರು. ಒಂದು ಶನಿವಾರ ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದು, ಮೊಮ್ಮಗನ ಬೇಸ್‌ಬಾಲ್ ಆಟ ನೋಡಲು ನಮ್ಮ ಜೊತೆ ಮೈದಾನಕ್ಕೂ ಬಂದರು. ನನ್ನ ಮಗ ಶಾರ್ಟ್‌ಸ್ಟಾಪ್. ಅಪ್ಪ ಎರಡು ಇನಿಂಗ್ಸ್ ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲ. ಆಮೇಲೆ ನೀರು ಕುಡಿಯಲು ಬಂದ ಹುಡುಗನನ್ನು ಪಕ್ಕಕ್ಕೆ ಕರೆದರು.

“ಅಲ್ಲೋ ತಮ್ಮಾ, ಚೆಂಡು ಒಗಿಯಾಂವ ಬ್ಯಾರೆ, ಹೊಡಿಯಾಂವ ಬ್ಯಾರೆ. ನೀ ಅಲ್ಲಿ ನಿಂತು ಏನ್ ಮಾಡ್ತಿ?”

“ನನ್ನ ದಾಟಿ ಚೆಂಡು ಹೋಗಬಾರದು ಅಜ್ಜ. ಅದೇ ನನ್ನ ಕೆಲಸ.”

ಅಪ್ಪ ಸ್ವಲ್ಪ ಯೋಚಿಸಿ, “ಹಂಗಂದ್ರ ನಮ್ಮ ಗದಗಿನ ಜೋಶಿ ಮಾಡಿದ ಕೆಲಸಾನ ಮಾಡಾಕತ್ತಿ ಬಿಡು” ಎಂದರು.

ಮಗನಿಗೆ ಅರ್ಥವಾಗಲಿಲ್ಲ. ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳು ಎಷ್ಟೊಂದಿವೆ. ಆ ಮನೆಗಳ ಮಕ್ಕಳಾದ ನಿಮಗೂ ಈ ಹೆಸರು ಹೊಸದಿರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವ ಆಟದಿಂದಲೇ ಶುರು ಮಾಡೋಣ.

ಎರಡನೇ ಬೇಸ್ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು ಶಾರ್ಟ್‌ಸ್ಟಾಪ್. ಉಳಿದ ಇನ್‌ಫೀಲ್ಡರುಗಳ ಹೆಸರಿನಲ್ಲಿ ಒಂದೊಂದು ಬೇಸ್ ಇದೆ, ಇವನ ಹೆಸರಿನಲ್ಲಿ ಯಾವುದೂ ಇಲ್ಲ. ಬಲಗೈ ಬ್ಯಾಟರ್ ಜೋರಾಗಿ ಎಳೆದು ಹೊಡೆದ ಚೆಂಡು ಹೆಚ್ಚಾಗಿ ಬರುವುದು ಇವನ ಕಡೆಗೇ. ಬ್ಯಾಟರ್ ಮೊದಲ ಬೇಸಿಗೆ ಓಡಿ ಮುಟ್ಟಲು ನಾಲ್ಕು ಸೆಕೆಂಡು ಸಾಕು. ಅಷ್ಟರೊಳಗೆ ನೆಲದಲ್ಲಿ ಪುಟಿಯುತ್ತ ಬರುವ ಚೆಂಡನ್ನು ಬಾಗಿ ಹಿಡಿಯಬೇಕು, ಕೈಗವಸಿನಿಂದ ಬರಿಗೈಗೆ ತೆಗೆದುಕೊಳ್ಳಬೇಕು, ಮೈದಾನದ ಆ ತುದಿಗೆ ಎಸೆಯಬೇಕು. ಹಿಡಿದರೆ ಬರೀ ಒಂದು ಔಟ್. ಬಿಟ್ಟರೆ ಎಲ್ಲರ ಕಣ್ಣೂ ಅವನ ಮೇಲೆಯೇ.

ಈ ಜಾಗದಲ್ಲಿ ಆಡಿದವರ ಮಾತು ಬಂದರೆ ಆಝೀ ಸ್ಮಿತ್ ಹೆಸರು ಬಂದೇ ಬರುತ್ತದೆ. 1954ರಲ್ಲಿ ಅಲಬಾಮಾದ ಮೊಬೀಲ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ವಾಟ್ಸ್ ಎಂಬ ಬಡವರ ಬಡಾವಣೆಯಲ್ಲಿ ಬೆಳೆದ ಹುಡುಗ. ಮೆಟ್ಟಿಲಿಗೆ ರಬ್ಬರ್ ಚೆಂಡು ಎಸೆಯುವುದು, ಅದು ಪುಟಿದು ಬಂದಾಗ ಹಿಡಿಯುವುದು, ಪ್ರತಿ ಸಲವೂ ಒಂದೊಂದು ಹೆಜ್ಜೆ ಹತ್ತಿರಕ್ಕೆ ಸರಿಯುವುದು. ಮನೆಯ ಚಾವಣಿ ದಾಟುವಂತೆ ಚೆಂಡು ಎಸೆದು, ಅದು ಆ ಕಡೆ ಬೀಳುವ ಮೊದಲೇ ಸುತ್ತಿ ಓಡಿ ಹಿಡಿಯಲು ನೋಡುವುದು. ಅವನ ಬಾಲ್ಯದ ಅಭ್ಯಾಸ ಇಂಥದ್ದು.

1978ರಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡಕ್ಕೆ ಬಂದ ಮೊದಲ ತಿಂಗಳೇ ಅವನು ಮಾಡಿದ ಒಂದು ಔಟನ್ನು ಜನ ಇಂದಿಗೂ ನೆನೆಯುತ್ತಾರೆ. ಚೆಂಡಿಗಾಗಿ ಎಡಕ್ಕೆ ಹಾರಿದ್ದ. ಮೈ ಗಾಳಿಯಲ್ಲಿರುವಾಗಲೇ ಚೆಂಡು ನೆಲಕ್ಕೆ ಬಡಿದು ದಿಕ್ಕು ಬದಲಿಸಿ ಬೆನ್ನ ಹಿಂದೆ ಹೋಯಿತು. ಗವಸಿಲ್ಲದ ಬಲಗೈಯನ್ನು ಹಿಂದಕ್ಕೆ ಚಾಚಿ ಅದನ್ನು ಹಿಡಿದ, ಬಿದ್ದಲ್ಲಿಂದ ಎದ್ದು ಎಸೆದ, ಬ್ಯಾಟರ್ ಔಟ್! 1982ರಿಂದ ಅವನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಆಟಗಾರ. ಆ ವರ್ಷವೇ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1980ರಿಂದ 1992ರವರೆಗೆ ಸತತ 13 ವರ್ಷ ಅವನಿಗೆ ಗೋಲ್ಡ್ ಗ್ಲವ್ ಪ್ರಶಸ್ತಿ ಬಂತು. 1996ರಲ್ಲಿ ಆಟ ನಿಲ್ಲಿಸಿದ, 2002ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಹೊಡೆದ ಹೋಮ್ ರನ್ ಎಷ್ಟು ಗೊತ್ತೇ? 28. ಕೆಲವರು ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಹೊಡೆಯುತ್ತಾರೆ. ಆದರೂ ಅವನು ದೊಡ್ಡ ಆಟಗಾರ, ಯಾಕೆಂದರೆ ಎದುರಾಳಿಗೆ ದಕ್ಕದಂತೆ ಅವನು ತಡೆದ ರನ್ನುಗಳಿಗೆ ಲೆಕ್ಕವಿಲ್ಲ.

ಆಝೀ ಸ್ಮಿತ್ ಆಟ ನಿಲ್ಲಿಸಿದ ಆ 1996ರಲ್ಲೇ ನಮ್ಮ ಕಡೆಯ ಒಬ್ಬ ಹುಡುಗ ಕ್ರಿಕೆಟ್ಟಿನಲ್ಲಿ ಭಾರತದ ಟೆಸ್ಟ್ ಟೋಪಿ ತೊಟ್ಟ.

ಹೆಸರು ಸುನಿಲ್ ಬಂಡಾಚಾರ್ಯ ಜೋಶಿ. ಹುಟ್ಟಿದ್ದು 1970ರ ಜೂನ್ 6ರಂದು ಗದಗದಲ್ಲಿ. ನಿಮ್ಮ ಅಜ್ಜ ಅಜ್ಜಿಯರ ಊರಿಗೆ ಗದಗ ಬಲು ಹತ್ತಿರ. ಕೊಪ್ಪಳದಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಹೊರಟರೆ ಭಾಣಾಪುರ, ತಳಕಲ್ ದಾಟಿ ಸುಮಾರು ಅರವತ್ತು ಕಿಲೋಮೀಟರಿಗೆ ಗದಗ ಬರುತ್ತದೆ. ಅಲ್ಲಿಂದ ಹುಬ್ಬಳ್ಳಿಗೂ ಸರಿಸುಮಾರು ಅಷ್ಟೇ ದೂರ. ಎರಡೂ ಕಡೆ ಎರೆ ಹೊಲ, ಶೇಂಗಾ, ಜೋಳ, ಹತ್ತಿ. ಕವಿ ಕುಮಾರವ್ಯಾಸನ ಹೆಸರು ಬೆಸೆದುಕೊಂಡಿರುವ ವೀರನಾರಾಯಣನ ಗುಡಿ ಇರುವುದು ಈ ಗದಗದಲ್ಲಿಯೇ. ಹನ್ನೊಂದರ ವಯಸ್ಸಿನಲ್ಲಿ ಸಂಗೀತದ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ಭೀಮಸೇನ ಜೋಶಿಯವರೂ ಇದೇ ಸೀಮೆಯವರು.

ಸುನಿಲ್ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕ್ರಿಕೆಟ್ ಎಂದರೆ ಬೆಂಗಳೂರು. ಸಣ್ಣ ಊರುಗಳಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುವುದೇ ರೂಢಿ. ಸರಿಯಾದ ಅಭ್ಯಾಸ ಬೇಕಾದರೆ ಗದಗದ ಹುಡುಗ ಹುಬ್ಬಳ್ಳಿಗೆ ಹೋಗಬೇಕಿತ್ತು. ಸುನಿಲ್ ಹೋದ. ನಸುಕಿನಲ್ಲಿ ಗದಗ ಬಿಟ್ಟು, ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಮತ್ತೆ ಊರಿಗೆ. ಹೋಗಿ ಬರುವುದಕ್ಕೇ ನೂರಿಪ್ಪತ್ತು ಕಿಲೋಮೀಟರ್. ಶನಿವಾರ ಬೆಳಿಗ್ಗೆ ಅಪ್ಪ ಅಮ್ಮ ಕಾರಿನಲ್ಲಿ ಹತ್ತು ನಿಮಿಷದ ದಾರಿಯ ಮೈದಾನಕ್ಕೆ ಬಿಡುವಾಗ, ಒಮ್ಮೆ ಆ ಹುಡುಗನನ್ನು ನೆನೆಸಿಕೊಳ್ಳಿ. ಅವನು ಇದನ್ನು ಒಂದು ದಿನ ಮಾಡಿ ಬಿಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಹಾಗೆ ದಿನವೂ ಮಾಡಿದ.

ಸುನಿಲ್ ಜೋಶಿ ಎಡಗೈ ಸ್ಪಿನ್ ಬೌಲರ್. ನೀವು ಬೇಸ್‌ಬಾಲ್ ಆಡುವವರು, ಹಾಗಾಗಿ ಒಂದು ಮಾತು ಹೇಳಬೇಕು. ಪಿಚರ್ ಎಸೆದ ಚೆಂಡು ನೆಲಕ್ಕೆ ತಾಗದೆ ಬ್ಯಾಟರ್ ಹತ್ತಿರ ಬರುತ್ತದೆ. ಕ್ರಿಕೆಟ್ ಬೌಲರ್ ಹಾಕಿದ ಚೆಂಡು ಸಾಮಾನ್ಯವಾಗಿ ನೆಲಕ್ಕೆ ಒಮ್ಮೆ ಬಿದ್ದು ಪುಟಿದು ಬರುತ್ತದೆ. ಎಡಗೈ ಸ್ಪಿನ್ನರ್ ಬೆರಳಿನಿಂದ ಚೆಂಡನ್ನು ತಿರುವುತ್ತಾನೆ. ಬಲಗೈ ಬ್ಯಾಟ್ಸ್‌ಮನ್ ಹತ್ತಿರ ಬಂದ ಚೆಂಡು ನೆಲಕ್ಕೆ ಬಿದ್ದ ಮೇಲೆ ಅವನಿಂದ ದೂರಕ್ಕೆ ಸರಿಯುತ್ತದೆ. ವೇಗವಿಲ್ಲ, ಆದ್ದರಿಂದ ಎಲ್ಲಿ ಬೀಳುತ್ತದೆ ಎಂಬುದೇ ಎಲ್ಲ. ಒಂದು ಗೇಣು ಆಚೆ ಬಿದ್ದರೆ ಬ್ಯಾಟ್ಸ್‌ಮನ್ ಎತ್ತಿ ಹೊಡೆಯುತ್ತಾನೆ, ಒಂದು ಗೇಣು ಈಚೆ ಬಿದ್ದರೆ ಹಿಂದೆ ಸರಿದು ಬಾರಿಸುತ್ತಾನೆ. ಸರಿಯಾದ ಜಾಗ ಅಂಗೈಯಗಲ. ಅಲ್ಲಿಗೇ ಮತ್ತೆ ಮತ್ತೆ ಹಾಕಬೇಕು, ಬೇಸರ ಮಾಡಿಕೊಳ್ಳಬಾರದು.

ಕರ್ನಾಟಕ ತಂಡಕ್ಕೆ ಅವರು ಹೀಗೆ ವರ್ಷಗಟ್ಟಲೆ ಬೌಲ್ ಮಾಡಿದರು. ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯ 1995–96ರ ಋತುವಿನಲ್ಲಿ ಐವತ್ತಕ್ಕೂ ಹೆಚ್ಚು ವಿಕೆಟ್ ಪಡೆದರು (ಒಂದು ವಿಕೆಟ್ ಅಂದರೆ ಒಬ್ಬ ಬ್ಯಾಟ್ಸ್‌ಮನ್ ಔಟ್), ಬ್ಯಾಟಿನಿಂದ 529 ರನ್ ಕೂಡ ಗಳಿಸಿದರು. ಒಂದೇ ರಣಜಿ ಋತುವಿನಲ್ಲಿ ಐನೂರು ರನ್, ಐವತ್ತು ವಿಕೆಟ್ ಎರಡನ್ನೂ ದಾಟುವುದು ಬಹಳ ಅಪರೂಪ. ಆ ವರ್ಷ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಬೆನ್ನಲ್ಲೇ ಭಾರತ ತಂಡದಿಂದ ಕರೆ ಬಂತು. 1996ರ ಜೂನ್ 6ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್ ಆಡಲು ಇಳಿದರು. ದಿನಾಂಕ ನೋಡಿದಿರಾ? ಅಂದು ಅವರಿಗೆ ಇಪ್ಪತ್ತಾರು ತುಂಬಿತ್ತು!

ಈಗ ಅಪ್ಪ ಹೇಳಿದ ಮಾತಿಗೆ ಬರೋಣ.

1999ರ ಸೆಪ್ಟೆಂಬರ್ 26. ಆಫ್ರಿಕಾದ ಕೀನ್ಯಾ ದೇಶ, ನೈರೋಬಿ ಜಿಮ್ಖಾನಾ ಮೈದಾನ. ಎದುರಾಳಿ ದಕ್ಷಿಣ ಆಫ್ರಿಕಾ. ಅಂದಿನ ದಕ್ಷಿಣ ಆಫ್ರಿಕಾ ಎಂದರೆ ಜಗತ್ತಿನ ಬಲಿಷ್ಠ ತಂಡಗಳಲ್ಲಿ ಒಂದು. ಹರ್ಷಲ್ ಗಿಬ್ಸ್, ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್, ಶಾನ್ ಪೊಲಾಕ್ ಎಲ್ಲರೂ ಇದ್ದರು. ಇವರಲ್ಲಿ ಜಾಂಟಿ ರೋಡ್ಸ್ ಹೆಸರನ್ನು ಶಾರ್ಟ್‌ಸ್ಟಾಪ್ ಆಡುವವರು ಗುರುತು ಹಾಕಿಕೊಳ್ಳಿ. ಪಾಯಿಂಟ್ ಎಂಬ ಜಾಗದಲ್ಲಿ ನಿಂತು ಬರಿಗೈಯಲ್ಲಿ ಎಡಕ್ಕೂ ಬಲಕ್ಕೂ ಹಾರುತ್ತಿದ್ದ ಅವನು ಕ್ರಿಕೆಟ್ಟಿನ ಆಝೀ ಸ್ಮಿತ್.

ಅಂಥ ತಂಡದ ಎದುರು ಜೋಶಿ ಹತ್ತು ಓವರ್ ಹಾಕಿದರು. ಒಂದು ಓವರಿಗೆ ಆರು ಎಸೆತ, ಒಟ್ಟು ಅರವತ್ತು. ಆ ಅರವತ್ತು ಎಸೆತಕ್ಕೆ ಅವರು ಕೊಟ್ಟದ್ದು ಆರು ರನ್. ಹತ್ತರಲ್ಲಿ ಆರು ಓವರ್ ಮೇಡನ್, ಅಂದರೆ ಒಂದೂ ರನ್ ಇಲ್ಲದವು. ಜೊತೆಗೆ ಐದು ವಿಕೆಟ್. ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್ ಮೂವರೂ ಆ ಐದರಲ್ಲಿದ್ದಾರೆ. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಮರುದಿನ ಪೇಪರಿನಲ್ಲಿ 10-6-6-5 ಎಂದು ಅಚ್ಚಾಗಿತ್ತು. ಓವರ್, ಮೇಡನ್, ರನ್, ವಿಕೆಟ್, ಈ ಸಾಲಿನಲ್ಲಿ ಬರೆಯುವುದು ಕ್ರಮ. ಆಗ ನಾನು ಕುಷ್ಟಗಿಯಲ್ಲಿದ್ದೆ. ಅಪ್ಪ ಪೇಪರನ್ನು ಮುಖದ ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. ಅರವತ್ತಾರು ಎಂದು ಬರೆಯುವ ಬದಲು ನಡುವೆ ಗೆರೆ ಬಿದ್ದಿದೆಯೇನೋ ಎಂಬ ಅನುಮಾನ ಅವರಿಗೆ. ತಪ್ಪಲ್ಲ ಎಂದು ಗೊತ್ತಾದ ಮೇಲೆ ಓಣಿಯ ಅಂಗಡಿಯ ಮುಂದೆ ಕೂತಿದ್ದವರಿಗೆಲ್ಲ ಓದಿ ಹೇಳಿದರು. “ನಮ್ಮ ಗದಗಿನಾಂವ” ಎಂದು ಅವರು ಹೇಳುವಾಗ ಗದಗ ನಮ್ಮ ಪಕ್ಕದ ಓಣಿ ಎಂಬಂತಿತ್ತು.

ಆ ದಿನ ಜೋಶಿ ಮಾಡಿದ್ದು ಶಾರ್ಟ್‌ಸ್ಟಾಪಿನ ಕೆಲಸವೇ ಅಲ್ಲವೇ? ಶತಕ ಹೊಡೆದವನ ರನ್ ಎಲ್ಲರಿಗೂ ಕಾಣುತ್ತವೆ. ಬಾರದೇ ಹೋದ ರನ್ನನ್ನು ಕಾಣಲು ಆಟ ತಿಳಿದಿರಬೇಕು. ಐದು ವಿಕೆಟ್ ಬಿದ್ದದ್ದೂ ಆ ಬಿಗಿಯಿಂದಲೇ. ಒಂದು ಓವರಿನಲ್ಲಿ ರನ್ ಬರದಿದ್ದರೆ ಬ್ಯಾಟ್ಸ್‌ಮನ್ ತಾಳ್ಮೆಯಿಂದಿರುತ್ತಾನೆ. ಎರಡು, ಮೂರು ಓವರ್ ಹಾಗೇ ಹೋದರೆ ಚಡಪಡಿಸುತ್ತಾನೆ, ಹೊಡೆಯಬಾರದ ಚೆಂಡಿಗೆ ಬ್ಯಾಟ್ ಬೀಸುತ್ತಾನೆ. ಜೋಶಿ ಅಂಗೈಯಗಲದ ಆ ಜಾಗವನ್ನು ಬಿಟ್ಟುಕೊಡಲಿಲ್ಲ. ಅಲ್ಲಿಗೆ ಹಾಕುವುದನ್ನು ಅವರು ನೈರೋಬಿಯಲ್ಲಿ ಕಲಿತದ್ದಲ್ಲ. ಗದಗ ಹುಬ್ಬಳ್ಳಿ ನಡುವೆ ಓಡಾಡಿದ ನಸುಕುಗಳಲ್ಲಿ ಅದು ಅವರ ಬೆರಳಿಗೆ ಬಂದಿತ್ತು.

ಮರುವರ್ಷ, 2000ದ ನವೆಂಬರಿನಲ್ಲಿ, ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿತು. ಬಾಂಗ್ಲಾದೇಶ ಮೊದಲ ಇನಿಂಗ್ಸ್‌ನಲ್ಲೇ 400 ರನ್ ಹೊಡೆಯಿತು. ಜೋಶಿ ಐದು ವಿಕೆಟ್ ತೆಗೆದರು. ಭಾರತದ ಬ್ಯಾಟಿಂಗ್ ಕುಸಿಯುವಂತಿದ್ದಾಗ ನಾಯಕ ಸೌರವ್ ಗಂಗೂಲಿ ಜೊತೆ ನಿಂತು 92 ರನ್ ಗಳಿಸಿದರು. ಎರಡನೇ ಇನಿಂಗ್ಸ್‌ನಲ್ಲಿ ಇನ್ನೂ ಮೂರು ವಿಕೆಟ್. ಶತಕಕ್ಕೆ ಎಂಟು ರನ್ ಕಡಿಮೆಯಾಯಿತು, ಪಂದ್ಯದ ಆಟಗಾರ ಪ್ರಶಸ್ತಿ ಮಾತ್ರ ಅವರಿಗೇ ಬಂತು.

ಒಟ್ಟು 15 ಟೆಸ್ಟ್, 41 ವಿಕೆಟ್. ಒಂದು ದಿನದ ಪಂದ್ಯ 69, ವಿಕೆಟ್ ಕೂಡ 69. ಇನ್ನೂ ಹೆಚ್ಚು ಆಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಭಾರತ ತಂಡದ ಬಾಗಿಲು ಮುಚ್ಚಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ರಣಜಿ ಆಡುತ್ತಲೇ ಹೋದರು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವರ ವಿಕೆಟ್ಟುಗಳು ಆರುನೂರು ದಾಟಿದವು, ರನ್ನುಗಳು ಐದು ಸಾವಿರ ದಾಟಿದವು.

ಆಮೇಲೆ ಕೋಚ್ ಆದರು. ಆ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. 2014ರ ಸೆಪ್ಟೆಂಬರಿನಲ್ಲಿ ಕಾಶ್ಮೀರದಲ್ಲಿ ದೊಡ್ಡ ಪ್ರವಾಹ ಬಂತು. ಜನರ ಮನೆಮಠಗಳೇ ಮುಳುಗಿದ್ದವು, ಇನ್ನು ಕ್ರಿಕೆಟ್ ಆಡುವುದೆಲ್ಲಿ! ಆಗ ಜಮ್ಮು ಮತ್ತು ಕಾಶ್ಮೀರ ತಂಡದ ಕೋಚ್ ಸುನಿಲ್ ಜೋಶಿ. ಅದೇ ಡಿಸೆಂಬರಿನಲ್ಲಿ ಆ ತಂಡ ಮುಂಬೈಗೆ ಹೋಗಿ, ವಾಂಖೆಡೆ ಮೈದಾನದಲ್ಲಿ, ನಲವತ್ತು ಸಲ ರಣಜಿ ಗೆದ್ದಿದ್ದ ಮುಂಬೈ ತಂಡವನ್ನೇ ಸೋಲಿಸಿತು. ಸೌಕರ್ಯವಿಲ್ಲದ ಊರಿನಿಂದ ಬಂದ ಹುಡುಗರಿಗೆ ಏನು ಹೇಳಬೇಕು ಎಂಬುದು ಗದಗದಿಂದ ಬಂದವರಿಗೆ ಗೊತ್ತಿತ್ತು ಎಂದು ನಾನು ನಂಬಿದ್ದೇನೆ. 2020ರ ಮಾರ್ಚಿನಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಮಕ್ಕಳೇ, ನೀವು ಊರಿಗೆ ಹೋದಾಗ ಅಜ್ಜನನ್ನೋ ಸೋದರಮಾವನನ್ನೋ ಕೇಳಿ ಚಿಣಿಫಣಿ ಆಡಿ. ಸಣ್ಣ ಕಟ್ಟಿಗೆಯ ಚಿಣಿಯನ್ನು ಕೋಲಿನಿಂದ ಚಿಮ್ಮಿಸಿ ಹೊಡೆಯುತ್ತಾರೆ. ಗಾಳಿಯಲ್ಲಿ ತಿರುಗುತ್ತ ಬರುವ ಅದನ್ನು ಬರಿಗೈಯಲ್ಲಿ ಹಿಡಿದರೆ ಹೊಡೆದವನು ಔಟ್. ಲಗೋರಿಯೂ ಹಾಗೇ, ಚೆಂಡು ಕೈಬಿಟ್ಟರೆ ಆಟ ಕೈಬಿಟ್ಟಿತು. ನೀವು ಶಾರ್ಟ್‌ಸ್ಟಾಪ್ ಜಾಗದಲ್ಲಿ ಕಲಿತ ಕಣ್ಣು, ಕಾಲು, ಕೈ ಮೂರೂ ಅಲ್ಲಿ ನಿಮ್ಮ ನೆರವಿಗೆ ಬರುತ್ತವೆ. ಊರಿನ ಮಕ್ಕಳು ನಿಮ್ಮ ಕೈ ನೋಡಿ ಕೂಡಲೇ ತಮ್ಮ ಕಡೆ ಸೇರಿಸಿಕೊಳ್ಳುತ್ತಾರೆ.

ಅಂದು ಮೈದಾನದಿಂದ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪ ಮೊಮ್ಮಗನಿಗೆ ಈ ಕತೆಯನ್ನೇ ಹೇಳಿದರು. ಮನೆ ಮುಟ್ಟಿದವರೇ ಕಾರು ನಿಲ್ಲಿಸುವ ಜಾಗದಲ್ಲಿ ತಮ್ಮ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೂಲೆಗಳಿಗೆ ಕಲ್ಲು ಇಟ್ಟರು. ಮಗನ ಕೈಗೆ ಟೆನಿಸ್ ಚೆಂಡು ಕೊಟ್ಟು, “ಅರವತ್ತು ಹಾಕು” ಎಂದರು. ಅವನು ಹಾಕಿದ, ಅಜ್ಜ ಕುರ್ಚಿಯಲ್ಲಿ ಕೂತು ಎಣಿಸಿದರು. ಮೊದಲ ದಿನ ಕರವಸ್ತ್ರದ ಮೇಲೆ ಬಿದ್ದದ್ದು ಏಳು. ಅಜ್ಜ ಊರಿಗೆ ಹೊರಡುವ ಹೊತ್ತಿಗೆ ಹತ್ತೊಂಬತ್ತಾಗಿತ್ತು.

ಕುಷ್ಟಗಿಗೆ ಮೊದಲ ರೈಲು ಬಂದದ್ದು 2025ರಲ್ಲಿ. ಯಲಬುರ್ಗಾ, ಕುಕನೂರು ಹಾದು ಗದಗದ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲು ಅದು. ಊರಿಗೆ ಮರಳಿದ ಮೇಲೆ ಅಪ್ಪ ಒಂದು ದಿನ ಅದನ್ನು ಹತ್ತಿದರು. ಗದಗ ನಿಲ್ದಾಣದಲ್ಲಿ ರೈಲು ನಿಂತಾಗ ಮೊಮ್ಮಗನಿಗೆ ಫೋನ್ ಮಾಡಿದರು. ನಮಗಿಲ್ಲಿ ರಾತ್ರಿ, ಮಗ ಮಲಗುವ ತಯಾರಿಯಲ್ಲಿದ್ದ. ಹೇಗಿದ್ದೀ, ಊಟ ಆಯಿತಾ ಯಾವುದೂ ಇಲ್ಲ. ನಿಲ್ದಾಣದ ಗದ್ದಲದ ನಡುವೆ ಜೋರು ದನಿಯಲ್ಲಿ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ.

“ತಮ್ಮಾ, ಇವತ್ತೆಷ್ಟು ಬಿದ್ದವು?”

“ಇಪ್ಪತ್ತಾರು, ಅಜ್ಜ!”