ದುಡಿಮೆಯ ದಾರಿ ಹುಡುಕಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಂಬಾಡಿ ಕಟ್ಟೆ ಎಂದೊಡನೆಯೇ ಅವರ ಜರಿಪೇಟ, ಮುಚ್ಚುಕೋಟು, ನೆಟ್ಟನೆಯ ನಿಲುವು ಕಣ್ಣಮುಂದೆ ಬಂದು ನಿಲ್ಲುತ್ತವೆ. ಪ್ರತಿವರ್ಷ ಸೆಪ್ಟೆಂಬರ್ ೧೫ರಂದು ಇಂಜಿನಿಯರುಗಳು ಅವರ ಭಾವಚಿತ್ರಕ್ಕೆ ಹಾರ ಹಾಕಿ ಗೌರವಿಸುತ್ತಾರೆ. ಅದು ಯೋಗ್ಯವಾದುದೇ. ಆದರೆ ಅಣೆಕಟ್ಟು ಕಟ್ಟುವ ವಿದ್ಯೆಯನ್ನು ಕಲಿಯದ, ಸರ್ಕಾರಿ ಕಲಾ ಕಾಲೇಜಿನಲ್ಲಿ ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನ್ನಂಥವನಿಗೆ ಆ ಮಹನೀಯರಿಂದ ಕಲಿಯಬೇಕಾದುದು ಏನಾದರೂ ಉಂಟೆ?

ಉಂಟು ಎಂಬುದೇ ಈ ಲೇಖನದ ತಾತ್ಪರ್ಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬಂದ ನಮ್ಮೆಲ್ಲರ ಮುಂದೆ ಒಂದೇ ಪ್ರಶ್ನೆ ನಿಂತಿದೆ: ಪದವಿ ಪಡೆದ ಮೇಲೆ ಮುಂದೇನು? ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿಶ್ವೇಶ್ವರಯ್ಯನವರ ಜೀವನವನ್ನು ಓದಿದಾಗ, ಕಟ್ಟೆ ಕಟ್ಟಿದ ಇಂಜಿನಿಯರಿಗಿಂತ ಬೇರೆಯಾದ ಒಬ್ಬ ವಿಶ್ವೇಶ್ವರಯ್ಯನವರು ನನಗೆ ಕಂಡರು. ಕೈಗೆ ಕೆಲಸವಿಲ್ಲದ ಮನುಷ್ಯನನ್ನು ಕಂಡು ಜೀವಮಾನವೆಲ್ಲ ಚಿಂತಿಸಿದವರು ಅವರು.

ಅವರು ಹುಟ್ಟಿದುದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ೧೮೬೦ರಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ವಿದ್ವಾಂಸರು. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸೋದರಮಾವನವರ ಆಸರೆ ಪಡೆದು ಓದನ್ನು ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನಿಭಾಯಿಸಿಕೊಂಡರು. ೧೮೮೧ರಲ್ಲಿ ಬಿ.ಎ. ಆಯಿತು. ಆ ಬಳಿಕ ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತು, ೧೮೮೩ರಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಆ ವಿದ್ಯಾರ್ಥಿವೇತನ ಸಿಗದಿದ್ದರೆ ಅವರೂ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ದಿನ ಕಳೆಯಬೇಕಾಗುತ್ತಿತ್ತೋ ಏನೋ! ಬಡ ಹುಡುಗನಿಗೆ ತಕ್ಕ ಕಾಲದಲ್ಲಿ ಒದಗಿದ ನೆರವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅವರ ಬಾಳೇ ನಿದರ್ಶನ.

೧೮೮೪ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿ, ಕಾಲು ಶತಮಾನದಷ್ಟು ಕಾಲ ದುಡಿದು, ಸಕ್ಕರ್ ನಗರಕ್ಕೆ ನೀರು ಕೊಟ್ಟು, ಖಡಕವಾಸಲಾ ಜಲಾಶಯಕ್ಕೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಜೋಡಿಸಿ ಅವರು ಹೆಸರಾದ ಕಥೆ ಎಲ್ಲರಿಗೂ ತಿಳಿದದ್ದು. ನಮಗೆ ಇಲ್ಲಿ ಮುಖ್ಯವಾದುದು ೧೮೯೮ರ ಜಪಾನ್ ಪ್ರವಾಸ. ನಮ್ಮಂತೆಯೇ ಬೇಸಾಯವನ್ನು ನಂಬಿದ್ದ ದೇಶವೊಂದು ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿಕೊಂಡು ಒಂದು ತಲೆಮಾರಿನೊಳಗೆ ಮೇಲೆದ್ದುದನ್ನು ಅವರು ಕಣ್ಣಾರೆ ಕಂಡರು. ಬಡತನವು ಹಣೆಬರಹವಲ್ಲ, ಅದು ಕಲಿಯದ ಕೈಗಳ ಫಲ ಎಂಬ ನಂಬಿಕೆ ಅವರಲ್ಲಿ ಬೇರೂರಿತು.

೧೯೦೯ರಲ್ಲಿ ಮೈಸೂರು ಸರ್ಕಾರ ಅವರನ್ನು ಮುಖ್ಯ ಇಂಜಿನಿಯರಾಗಿ ಕರೆಯಿತು. ಅವರು ಒಡನೆಯೇ ಒಪ್ಪಲಿಲ್ಲ. ಬರಿಯ ರಸ್ತೆ ಸೇತುವೆಗಳ ಕೆಲಸಕ್ಕಲ್ಲದೆ, ಕೈಗಾರಿಕೆಗೂ ತಾಂತ್ರಿಕ ಶಿಕ್ಷಣಕ್ಕೂ ಅವಕಾಶ ಉಂಟೇ ಎಂದು ವಿಚಾರಿಸಿ, ಭರವಸೆ ದೊರೆತ ಮೇಲೆಯೇ ಬಂದರು. ೧೯೧೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಹುಟ್ಟಿದುದು ಅವರ ಸಲಹೆಯಿಂದ. ಶಿಕ್ಷಣ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಅದಕ್ಕೆ ಮೂರು ಸಮಿತಿಗಳು. ಈ ಮೂರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, ಒಂದು ಕುಂಟಿದರೂ ಗಾಡಿ ಸಾಗದು ಎಂಬುದು ಅವರ ವಿಚಾರಸರಣಿ. ೧೯೧೨ರ ಕೊನೆಯಲ್ಲಿ ದಿವಾನರಾದರು. ಆ ಪದವಿಯನ್ನು ಒಪ್ಪುವ ಮುನ್ನ ಬಂಧುಗಳನ್ನು ಕರೆದು, ತಮ್ಮ ಬಳಿ ಯಾರೂ ಶಿಫಾರಸು ಕೇಳಿಕೊಂಡು ಬರಬಾರದೆಂದು ಮಾತು ತೆಗೆದುಕೊಂಡರೆಂಬುದು ಪ್ರಸಿದ್ಧ ಸಂಗತಿ. ಮುಂದೆ ೧೯೧೩ರಲ್ಲಿ ಮೈಸೂರು ಬ್ಯಾಂಕ್, ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆ, ವ್ಯವಸಾಯ ಶಾಲೆ, ಇಂಜಿನಿಯರಿಂಗ್ ಕಾಲೇಜು—ಹೀಗೆ ಆರು ವರ್ಷಗಳಲ್ಲಿ ಒಂದರ ಹಿಂದೆ ಒಂದು ಬಂದವು.

ಇನ್ನು ನಮ್ಮ ಸೀಮೆಯ ವಿಷಯ. ಟಿಪ್ಪುವಿನ ಕಾಲದಿಂದಲೂ ಈ ಭಾಗದಲ್ಲಿ ರೇಷ್ಮೆ ಉಂಟು. ಆದರೆ ಹುಳುವಿಗೆ ರೋಗ ತಗುಲಿತೆಂದರೆ ರೈತನ ಗತಿ ಮುಗಿಯಿತು. ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿಯೆಲ್ಲ ಎದ್ದು ಉಣಿಸಿ, ನಾಲ್ಕು ಜ್ವರ ದಾಟಿಸಿ, ಹುಳು ಹಣ್ಣಾಗಿ ಚಂದ್ರಿಕೆಗೆ ಏರುವ ಹೊತ್ತಿಗೆ ಸತ್ತು ಬಿದ್ದರೆ ತಿಂಗಳ ದುಡಿಮೆಯೂ ಸಾಲವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ಇದನ್ನು ನಾನು ಪುಸ್ತಕದಿಂದ ತಿಳಿದುದಲ್ಲ. ನಮ್ಮ ಮನೆಯಲ್ಲಿಯೂ ಹುಳು ಸಾಕುತ್ತಾರೆ. ರೋಗವು ಬಹುಮಟ್ಟಿಗೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿದು ಬರುತ್ತದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಹಾಕುವ ಉಪಾಯವನ್ನು ಫ್ರಾನ್ಸಿನ ಪಾಸ್ಟರ್ ಪಂಡಿತರು ಕಂಡುಹಿಡಿದಿದ್ದರು. ಅಂಥ ವಿದ್ಯೆ ನಮ್ಮ ಹಳ್ಳಿಗೆ ತಲುಪಬೇಡವೇ? ವಿಶ್ವೇಶ್ವರಯ್ಯನವರ ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು. ೧೯೧೪ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಆರಂಭವಾಯಿತು. ರೋಗವಿಲ್ಲದ ಮೊಟ್ಟೆಯನ್ನು ಒದಗಿಸುವುದು, ತಳಿಯನ್ನು ಸುಧಾರಿಸುವುದು ಅದರ ಉದ್ದೇಶ.

ಈ ಕೆಲಸದ ಮರ್ಮವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಒಂದು ತುಂಡು ಹೊಲದ ಸೊಪ್ಪು ಒಂದು ಮನೆಯ ಹೆಂಗಸರು, ಮುದುಕರು, ಹುಡುಗರಿಗೆಲ್ಲ ಕೆಲಸ ಕೊಡುತ್ತದೆ. ರಾಗಿಯಂತೆ ವರ್ಷಕ್ಕೊಂದು ಬೆಳೆಯಲ್ಲ. ತಿಂಗಳೊಳಗೆ ಗೂಡು ಕೈಗೆ ಬರುತ್ತದೆ. ಗೂಡಾದ ಮೇಲೆ ಮಾರುವವನು, ನೂಲು ಬಿಚ್ಚುವವನು, ಹುರಿ ಮಾಡುವವನು, ನೇಯುವವನು—ಒಬ್ಬರ ಕೆಲಸ ಇನ್ನೊಬ್ಬರಿಗೆ ಕೆಲಸವನ್ನು ಹುಟ್ಟಿಸುತ್ತದೆ. ಮಾಗಡಿಯ ಕಡೆ ಬಿತ್ತನೆ ಗೂಡು, ಕನಕಪುರ ಚನ್ನಪಟ್ಟಣಗಳ ಹಳ್ಳಿಗಳಲ್ಲಿ ಸಾಕಣೆ, ರಾಮನಗರದಲ್ಲಿ ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಮತ್ತು ನೂಲು ತೆಗೆಯುವ ಮನೆಗಳು. ಹೀಗೆ ನಾಲ್ಕು ತಾಲ್ಲೂಕುಗಳನ್ನು ಒಂದೇ ಎಳೆಯಲ್ಲಿ ಹೆಣೆದದ್ದು ರೇಷ್ಮೆ. ಇದೆಲ್ಲವೂ ವಿಶ್ವೇಶ್ವರಯ್ಯನವರೊಬ್ಬರಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಅವರಿಗೆ ಮೊದಲೇ ಜಮಸೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರನ್ನು ತಂದು ರೇಷ್ಮೆ ಫಾರಂ ನಡೆಸಿದ್ದರು. ಅನಂತರವೂ ಎಷ್ಟೋ ಜನ ದುಡಿದರು. ಆದರೆ ಬಡವನ ಮನೆಯ ಕಸುಬಿಗೆ ವಿಜ್ಞಾನದ ಬೆಂಬಲ ಕೊಡುವುದು ಸರ್ಕಾರದ ಕರ್ತವ್ಯವೆಂದು ಬಗೆದು ನಡೆದುಕೊಂಡ ದಿವಾನರು ಅವರು.

ಇಷ್ಟನ್ನು ಹೊಗಳಿ ಸುಮ್ಮನಾದರೆ ಚರಿತ್ರೆಯ ವಿದ್ಯಾರ್ಥಿಗೆ ಶೋಭಿಸದು. ಅಂದು ಮೈಸೂರಿನ ಸರ್ಕಾರಿ ಕೆಲಸಗಳಲ್ಲಿ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿದ್ದವು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರ ಮುಖಂಡರು ಮಹಾರಾಜರಲ್ಲಿ ಮೊರೆಯಿಟ್ಟರು. ೧೯೧೮ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ದೊರೆಯಬೇಕೆಂದು ಆ ಸಮಿತಿ ಮುಂದೆ ಸಲಹೆ ಮಾಡಿತು. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ವಿದ್ಯೆಯನ್ನು ಎಲ್ಲರಿಗೂ ಕೊಡಬೇಕು, ಹುದ್ದೆಯನ್ನು ಮಾತ್ರ ಯೋಗ್ಯತೆ ನೋಡಿ ಕೊಡಬೇಕು ಎಂಬುದು ಅವರ ನಿಲುವು. ಆ ವರ್ಷದ ಡಿಸೆಂಬರಿನಲ್ಲಿ ದಿವಾನಗಿರಿಯನ್ನು ಬಿಟ್ಟು ಹೊರಟರು. ಪದವಿಗಿಂತ ತತ್ತ್ವವೇ ದೊಡ್ಡದೆಂದು ನಡೆದುಕೊಂಡ ಅವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ವಾದದಲ್ಲಿ ನಾನು ಮಹಾರಾಜರ ಪಕ್ಷ. ಶಾಲೆಯ ಬಾಗಿಲೇ ತಡವಾಗಿ ತೆರೆದ ಮನೆಗಳ ಮಕ್ಕಳನ್ನು, ತಲೆಮಾರುಗಳಿಂದ ಓದಿಕೊಂಡು ಬಂದವರ ಜೊತೆಗೆ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿರೆಂದರೆ ಅದು ಸಮಾನತೆಯೆನಿಸದು. ನಮ್ಮ ತರಗತಿಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಅಂದು ತೆರೆದ ಆ ಎರಡನೆಯ ಬಾಗಿಲಿನಿಂದ ಒಳಗೆ ಬಂದವರು ಎಂಬುದನ್ನು ಮರೆಯಬಾರದು.

ಅಧಿಕಾರ ಬಿಟ್ಟ ಮೇಲೆಯೂ ಅವರು ಸುಮ್ಮನೆ ಕೂರಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ೧೯೨೩ರಿಂದ ವಹಿಸಿಕೊಂಡು ಅದನ್ನು ದಡ ಮುಟ್ಟಿಸಿದರು. ೧೯೩೨ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ಭಾರತದ ನಿರುದ್ಯೋಗದ ಕಾರಣ ಮತ್ತು ಪರಿಹಾರಗಳನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು. ೧೯೩೪ರಲ್ಲಿ ದೇಶಕ್ಕೊಂದು ಆರ್ಥಿಕ ಯೋಜನೆ ಬೇಕೆಂದು ಗ್ರಂಥ ಬರೆದರು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ, ಲಕ್ಷವನ್ನು ಮೀರಿದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಅದನ್ನು ಬಳಸಬೇಕೆಂದರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಆರಂಭವಾದಾಗ ತಮ್ಮ ಹೆಸರು ಬೇಡವೆಂದು, ಜಯಚಾಮರಾಜೇಂದ್ರರ ಹೆಸರನ್ನು ಇಡಿಸಿದರು. ನಮ್ಮ ಕಡೆಯ ಎಷ್ಟೋ ಹುಡುಗರು ಆ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಸಂಸಾರ ಸಾಗಿಸಿದ್ದಾರೆ.

ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಅವರ ಮನಸ್ಸು ಮತ್ತೆ ಹಳ್ಳಿಗೆ ತಿರುಗಿತು. ಹಲವು ಹಳ್ಳಿಗಳನ್ನು ಒಂದು ಗುಂಪು ಮಾಡಿ, ಅಲ್ಲಿಯ ಜನರೇ ಸಮಿತಿ ರಚಿಸಿಕೊಂಡು, ತಮ್ಮಲ್ಲಿ ಸಿಗುವ ಸಾಮಗ್ರಿಯಿಂದ ಸಣ್ಣ ಕೈಗಾರಿಕೆಗಳನ್ನು ಎಬ್ಬಿಸಬೇಕೆಂಬ ಗ್ರಾಮ ಕೈಗಾರಿಕಾ ಯೋಜನೆಯನ್ನು ಸಿದ್ಧಪಡಿಸಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೈಸೂರು ಸರ್ಕಾರ ಅದನ್ನು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಕೈಗೊಂಡಿತು. ಅಂದು ನಮ್ಮ ನಾಲ್ಕು ತಾಲ್ಲೂಕುಗಳೂ ಬೆಂಗಳೂರು ಜಿಲ್ಲೆಯವೇ. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷ ತುಂಬಿದ ಬಾಳನ್ನು ಬಾಳಿ, ೧೯೬೨ರ ಏಪ್ರಿಲ್‌ನಲ್ಲಿ ಅವರು ಕಣ್ಣುಮುಚ್ಚಿದರು.

ಅವರು ಹೋಗಿ ಅರವತ್ತು ವರ್ಷಗಳ ಮೇಲಾಯಿತು. ನಮ್ಮ ತಾಲ್ಲೂಕುಗಳು ೨೦೦೭ರಲ್ಲಿ ರಾಮನಗರ ಜಿಲ್ಲೆಯಾದವು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರೂ ಬಂದಿತು. ಬಿಡದಿಯಲ್ಲಿ ಮೋಟಾರು ಕಾರ್ಖಾನೆ ಎದ್ದಿದೆ. ಆದರೂ ಬೆಳಗಿನ ರೈಲಿನಲ್ಲಿ ಬುತ್ತಿ ಹಿಡಿದು ಬೆಂಗಳೂರಿಗೆ ಹೋಗುವ ಯುವಕ ಯುವತಿಯರ ಸಂದಣಿ ಕರಗಿಲ್ಲ. ಊರಿನಲ್ಲಿ ಉಳಿದವರು ಸರ್ಕಾರಿ ಕೆಲಸದ ಅರ್ಜಿ ತುಂಬುತ್ತ ವಯಸ್ಸು ಕಳೆಯುತ್ತಾರೆ. ಅರ್ಜಿ ಹಾಕುವುದು ನಮ್ಮ ಹಕ್ಕು. ಆ ಹಕ್ಕಿಗಾಗಿ ಹಿರಿಯರು ಹೋರಾಡಿದ್ದಾರೆ, ಅದನ್ನು ಬಿಡಲಾಗದು. ಆದರೆ ಸರ್ಕಾರದ ಕುರ್ಚಿಗಳು ಎಷ್ಟಿದ್ದಾವು? ಉಳಿದ ನೂರಾರು ಕೈಗಳಿಗೆ ಕಸುಬು, ಅದಕ್ಕೆ ಬೇಕಾದ ಕಲಿಕೆ, ಸಾಲ, ಮಾರುಕಟ್ಟೆ ಇವು ಊರಿನ ಬಳಿಯಲ್ಲಿಯೇ ಒದಗಬೇಕು. ಚನ್ನಪಟ್ಟಣದ ರೇಷ್ಮೆ ಫಾರಂ ಅಂದು ತೋರಿಸಿಕೊಟ್ಟುದು ಈ ದಾರಿಯನ್ನೇ. ಹಾರ ಹಾಕುವ ದಿನ ನಾವು ನೆನೆಯಬೇಕಾದ ವಿಶ್ವೇಶ್ವರಯ್ಯನವರು ಇವರು ಎಂದು ನನ್ನ ನಂಬಿಕೆ. ಅವರು ಬಿಟ್ಟುಹೋದ ಕೆಲಸ ಇನ್ನೂ ಮುಗಿದಿಲ್ಲ. ಅದು ನಮ್ಮ ಪಾಲಿಗೆ ಬಂದಿದೆ.